ಕಾಲ್ನಡಿಗೆಯ ಬೆಂಗಳೂರು

ಹೋದ ವರ್ಷ ಮಾಗಿಯ ಚಳಿಯಲ್ಲಿ ಒಂದು ಬೆಳಿಗ್ಗೆ ನನಗೆ ಎದೆ ಹಿಡಿದಂತಾಯಿತು. ಗಾಬರಿಪಡುವಂಥದೇನೂ ಅಲ್ಲವೆಂದು ತಪಾಸಣೆಯಿಂದ ತಿಳಿದಮೇಲೆ ಮನೆಯವರಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ಎರಡು ಬಗೆಯ ಗುಳಿಗೆಗಳನ್ನು ಬರೆದು, ಚೀಟಿಯ ಕೊನೆಗೆ ‘ದಿನಕ್ಕೆ ಮೂವತ್ತು ನಿಮಿಷ ನಡಿಗೆ’ ಎಂದು ಸೇರಿಸಿ, ಅದರ ಕೆಳಗೆ ಗೆರೆಯನ್ನೂ ಎಳೆದುಕೊಟ್ಟರು. ಗುಳಿಗೆಗಳು ಬೀದಿಯ ಕೊನೆಯ ಅಂಗಡಿಯಲ್ಲಿ ಸಿಕ್ಕವು. ನಡಿಗೆ ಎಲ್ಲಿ ಸಿಕ್ಕುತ್ತದೆಂಬುದೇ ತೊಡಕಾಯಿತು.

ನಮ್ಮ ಮನೆಯ ಮುಂದೆ ಫುಟ್‌ಪಾತ್ ಇಲ್ಲವೆಂದಲ್ಲ, ಇದೆ. ಆದರೆ ಅದು ಮೂರು ಹೆಜ್ಜೆಗೊಮ್ಮೆ ಏರುತ್ತದೆ, ಐದು ಹೆಜ್ಜೆಗೊಮ್ಮೆ ಇಳಿಯುತ್ತದೆ. ನಡುವೆ ವಿದ್ಯುತ್ತಿನ ಪೆಟ್ಟಿಗೆ, ನಿಲ್ಲಿಸಿದ ಸ್ಕೂಟರು, ಯಾರದೋ ಮನೆ ಕಟ್ಟುವುದಕ್ಕೆ ತಂದು ಸುರಿದ ಜಲ್ಲಿ, ಮೋರಿಯ ಮೇಲೆ ಅಲ್ಲಾಡುವ ಚಪ್ಪಡಿ. ಎರಡನೆಯ ದಿನವೇ ಆ ಚಪ್ಪಡಿ ಮಗುಚಿ ನಾನು ಮೊಣಕಾಲೂರಿ ಬಿದ್ದೆ. ಸಂಜೆ ಮಗ ಬಂದು ನೋಡಿದವನೇ, “ಅಪ್ಪಾ, ಇನ್ನುಮೇಲೆ ನೀವು ರಸ್ತೆಯಲ್ಲಿ ನಡೆಯೋದು ಬೇಡ. ಬೆಳಿಗ್ಗೆ ನಾನೇ ಕಾರಿನಲ್ಲಿ ಲಾಲ್‌ಬಾಗಿಗೆ ಕರಕೊಂಡು ಹೋಗಿ ಬಿಡ್ತೀನಿ. ಅಲ್ಲಿ ಎಷ್ಟು ಬೇಕಾದರೂ ನಡೀರಿ” ಎಂದ. ಹೀಗಾಗಿ, ನಡೆಯುವುದಕ್ಕೋಸ್ಕರ ಕಾರಿನಲ್ಲಿ ಹೋಗುವ ಭಾಗ್ಯ ನನ್ನದಾಯಿತು. ಲಾಲ್‌ಬಾಗಿನ ಬಾಗಿಲಲ್ಲಿ ನೋಡಿದರೆ ಆ ಭಾಗ್ಯ ನನ್ನೊಬ್ಬನದೇ ಅಲ್ಲ. ನಡೆಯಬಂದವರ ಕಾರುಗಳು ಸಾಲಾಗಿ ನಿಂತು, ದಾರಿಯಲ್ಲಿ ನಿಜವಾಗಿ ನಡೆದುಹೋಗುತ್ತಿದ್ದ ಹೂವಿನವಳನ್ನು ರಸ್ತೆಯ ನಡುವಿಗೆ ತಳ್ಳಿದ್ದವು.

ಆ ವಾರವೇ ಹಳೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುತ್ತಿದ್ದಾಗ ಒಂದು ಲೋಹದ ಬಿಲ್ಲೆ ಕೈಗೆ ಸಿಕ್ಕಿತು. ಮೊಮ್ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನು ತಾತ?” ಎಂದಳು. ಸೈಕಲ್ಲಿನ ಲೈಸೆನ್ಸು ಎಂದೆ. “ಸೈಕಲ್ಲಿಗೂ ಲೈಸೆನ್ಸಾ!” ಎಂದು ಅವಳಿಗೆ ನಗು ತಡೆಯಲಾಗಲಿಲ್ಲ. ಸೈಕಲ್ಲಿಟ್ಟುಕೊಂಡವರು ವರ್ಷವರ್ಷವೂ ತೆರಿಗೆ ಕಟ್ಟಿ ಇಂಥ ಬಿಲ್ಲೆಯನ್ನು ಪಡೆಯಬೇಕಾಗಿದ್ದ ಕಾಲ ಒಂದಿತ್ತು. ಬಿಲ್ಲೆ ಇಲ್ಲದಿದ್ದರೆ ದಂಡ. ರಾತ್ರಿ ದೀಪವಿಲ್ಲದಿದ್ದರೆ ದಂಡ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ‘ಡಬಲ್ಸ್’ ಹೋದರೂ ದಂಡ. ಪೋಲೀಸಿನವನನ್ನು ದೂರದಿಂದ ಕಂಡು ಹಿಂದೆ ಕೂತವನು ಹಾರಿ ಇಳಿದು, ಏನೂ ಅರಿಯದವನಂತೆ ಪಕ್ಕದಲ್ಲಿ ನಡೆಯುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿದ್ದೀತು.

ಬಿಲ್ಲೆ ನಮ್ಮ ತಂದೆಯವರದು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಗಾಂಧಿ ಬಜಾರಿನ ಬಳಿಯ ಬಾಡಿಗೆ ಮನೆಯಿಂದ ಹೊರಟು, ಮಿನರ್ವ ವೃತ್ತ, ಪುರಭವನ, ಹಡ್ಸನ್ ವೃತ್ತಗಳನ್ನು ದಾಟಿ, ಕಬ್ಬನ್ ಪಾರ್ಕಿನ ನೆರಳಿನಲ್ಲಿ ಹಾದು ವಿಧಾನಸೌಧವನ್ನು ಸೇರುತ್ತಿದ್ದರು. ಷರಾಯಿಯ ಅಂಚಿಗೆ ಕ್ಲಿಪ್ಪು, ಕ್ಯಾರಿಯರಿನಲ್ಲಿ ಊಟದ ಡಬ್ಬಿ. ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ. ಇದನ್ನು ಅವರು ವ್ಯಾಯಾಮವೆಂದು ಕರೆದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಅದು ಕಚೇರಿಗೆ ಹೋಗುವುದು, ಅಷ್ಟೆ. ಅವರು ಎಂಬತ್ತೆಂಟು ವರ್ಷ ಗಟ್ಟಿಯಾಗಿಯೇ ಬಾಳಿದರು. ಒಬ್ಬ ಮನುಷ್ಯನ ಆಯುಷ್ಯದಿಂದ ಏನನ್ನೂ ಸಾಧಿಸಲಾಗದೆಂಬುದನ್ನು ನಾನು ಬಲ್ಲೆ. ಆದರೂ, ಅವರಿಗೆ ಬದುಕಿನೊಳಗೇ ಸೇರಿಬಂದದ್ದು ನನಗೆ ಔಷಧಿಯ ಚೀಟಿಯಲ್ಲಿ ಬಂತಲ್ಲ, ಅದು ಹೇಗಾಯಿತು? ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ನಮ್ಮ ಊರು ಹುಟ್ಟಿದ್ದೇ ಕಾಲಿನ ಅಳತೆಗೆ. ೧೫೩೭ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ದೊಡ್ಡಪೇಟೆ, ಚಿಕ್ಕಪೇಟೆಗಳೆಂಬ ಎರಡು ಬೀದಿಗಳು ಒಂದನ್ನೊಂದು ಹಾಯುತ್ತಿದ್ದವು. ಸುತ್ತಲೂ ಕಸಬು, ಸರಕುಗಳ ಹೆಸರು ಹೊತ್ತ ಪೇಟೆಗಳು: ಅಕ್ಕಿಪೇಟೆ, ರಾಗಿಪೇಟೆ, ಬಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಮಾಡುವ ಕೆಲಸ, ಮಾರುವ ಅಂಗಡಿ, ಮಲಗುವ ಮನೆ, ಕೈಮುಗಿಯುವ ಗುಡಿ, ಎಲ್ಲವೂ ಕೂಗಳತೆಯಲ್ಲಿ. ಗಾಡಿ ಬೇಕಾಗಿದ್ದುದು ಸರಕಿಗೇ ಹೊರತು ಜನಕ್ಕಲ್ಲ. ಆದರೆ ಈ ಹತ್ತಿರವೇ ಮುಂದೆ ಇಕ್ಕಟ್ಟಾಯಿತು. ಗಾಳಿಯಾಡದ ಮನೆ, ಕಟ್ಟಿದ ಮೋರಿ, ಕಿಕ್ಕಿರಿದ ಜನ. ೧೮೯೮ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬಂದಾಗ ಈ ಊರು ಅದಕ್ಕೆ ಸುಲಭದ ತುತ್ತಾಯಿತು. ಜನ ಮನೆಗಳಿಗೆ ಬೀಗವಿಟ್ಟು ಹೊರಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಹೊಸದಾಗಿ ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದವು.

ಆಗ ಊರಿನ ಹಿರಿಯರು ಮಾಡಿದ ಒಂದು ಕೆಲಸ ನಾವು ನೆನೆಯಬೇಕಾದದ್ದು. ಬಸವನಗುಡಿ, ಮಲ್ಲೇಶ್ವರಗಳ ನಕ್ಷೆ ೧೮೯೦ರ ದಶಕದ ಮೊದಲಲ್ಲಿಯೇ ಸಿದ್ಧವಾಗಿತ್ತಾದರೂ ಅವು ತುಂಬಿಕೊಂಡದ್ದು ಪ್ಲೇಗಿನ ಭಯದಿಂದ. ಆ ನಕ್ಷೆಗಳನ್ನು ಒಮ್ಮೆ ನೋಡಬೇಕು. ನೇರವಾದ ಅಗಲ ಬೀದಿಗಳು, ಬದಿಯಲ್ಲಿ ಸಾಲುಮರಗಳು, ಮನೆಯ ಸುತ್ತ ಗಾಳಿ ಬೆಳಕಿಗೆ ಬಯಲು, ಮಲ ಸಾಗಿಸುವುದಕ್ಕೆ ಮನೆಗಳ ಹಿಂದೆ ಬೇರೆಯೇ ಓಣಿ. ಬಡಾವಣೆಯೊಳಗೇ ಶಾಲೆ, ಮಾರುಕಟ್ಟೆ, ಪಾರ್ಕು, ಗುಡಿ. ರೋಗವನ್ನು ಓಡಿಸಲು ಅವರು ಔಷಧಿಯನ್ನು ಮಾತ್ರ ನಂಬಲಿಲ್ಲ. ಬೀದಿಯನ್ನೇ ತಿದ್ದಿ ಬರೆದರು.

ಇಲ್ಲೊಂದು ವಿಚಿತ್ರವೂ ಉಂಟು. ಕೊಳಕು ಮತ್ತು ಕೆಟ್ಟ ಗಾಳಿಯೇ ಪ್ಲೇಗಿಗೆ ಮೂಲವೆಂದು ಆ ಕಾಲದಲ್ಲಿ ಬಹುಮಂದಿ ನಂಬಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ಅದು ಮನುಷ್ಯನಿಗೆ ಹತ್ತುತ್ತದೆಂಬುದನ್ನು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ ೧೮೯೮ರಲ್ಲಿ. ಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಂತೂ ಕಾರಣವನ್ನು ಅರೆಬರೆಯಾಗಿ ತಿಳಿದು ಕಟ್ಟಿದ ಬೀದಿಗಳು ಮುಂದಿನ ಎರಡು ಮೂರು ತಲೆಮಾರುಗಳಿಗೆ ಆರೋಗ್ಯವನ್ನೇ ಕೊಟ್ಟವು. ಏಕೆಂದರೆ ಆ ಬೀದಿಗಳಲ್ಲಿ ನಡೆಯುವುದು ಹಿತವಾಗಿತ್ತು. ಮಾಸ್ತಿಯವರು ಸಂಜೆ ಕೊಡೆ ಹಿಡಿದು ಗವೀಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ನಡೆದುಹೋಗುತ್ತಿದ್ದುದು ಇಂಥ ಬೀದಿಗಳಲ್ಲಿ. ನಮ್ಮ ತಾಯಿ ತರಕಾರಿಯ ಚೀಲ ಹಿಡಿದು ಮಾರುಕಟ್ಟೆಗೆ ಹೋಗಿ, ದಾರಿಯಲ್ಲಿ ನಾಲ್ಕು ಮನೆಯ ಕ್ಷೇಮಸಮಾಚಾರ ಹೊತ್ತು ತರುತ್ತಿದ್ದುದೂ ಇಲ್ಲಿಯೇ.

ಈ ಬೀದಿಗಳಿಗೆ ಸೈಕಲ್ಲು ಹೇಳಿ ಮಾಡಿಸಿದಂತೆ ಬಂತು. ಸರಪಣಿಯಿಂದ ಹಿಂದಿನ ಗಾಲಿ ತಿರುಗುವ, ಎರಡು ಗಾಲಿಗಳೂ ಹೆಚ್ಚುಕಡಿಮೆ ಸಮನಾಗಿರುವ ಸೈಕಲ್ಲನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟಾರ್ಲಿ ಎಂಬವರು ೧೮೮೫ರಲ್ಲಿ ಹೊರತಂದರು. ಮೂರು ವರ್ಷದ ತರುವಾಯ ಡನ್‌ಲಪ್ಪರ ಗಾಳಿ ತುಂಬುವ ಟಯರು ಬಂತು. ಮೊದಮೊದಲು ಅದು ಸಾಹೇಬರ ಮತ್ತು ಅನುಕೂಲಸ್ಥರ ವಾಹನ. ಸ್ವಾತಂತ್ರ್ಯದ ತರುವಾಯ ೧೯೪೯ರಲ್ಲಿ ಮದರಾಸಿನ ಟಿ. ಐ., ೧೯೫೧ರಲ್ಲಿ ಸೋನೀಪತ್‌ನ ಅಟ್ಲಾಸ್, ೧೯೫೬ರಲ್ಲಿ ಲುಧಿಯಾನದ ಹೀರೋ ಕಾರ್ಖಾನೆಗಳು ಆರಂಭವಾಗಿ, ಸೈಕಲ್ಲು ಗುಮಾಸ್ತನ ಕೈಗೂ ಎಟುಕಿತು. ಕೊಳ್ಳಲಾಗದವರಿಗೆ ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ಲಿನ ಅಂಗಡಿ ಬೀದಿಬೀದಿಗೂ ಇತ್ತು. ಎಚ್. ಎ. ಎಲ್., ಐ. ಟಿ. ಐ., ಎಚ್. ಎಂ. ಟಿ., ಬಿ. ಇ. ಎಲ್. ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಸೈಕಲ್ಲುಗಳು ಹೊಳೆಯಂತೆ ಹರಿದುಬರುತ್ತಿದ್ದುದನ್ನು ನಾನು ಹುಡುಗನಾಗಿ ನಿಂತು ನೋಡಿದ್ದೇನೆ.

ಹಳೆಯದೆಲ್ಲ ಹೊನ್ನೆಂದು ಹೇಳಲು ನಾನು ಹೊರಟಿಲ್ಲ. ನಡೆದವರಲ್ಲಿ ಬಹುಪಾಲು ಜನ ನಡೆದದ್ದು ಬೇರೆ ಗತಿಯಿಲ್ಲದೆ. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಎಚ್. ನರಸಿಂಹಯ್ಯನವರು ೧೯೩೫ರಲ್ಲಿ ಓದುವ ಆಸೆಯಿಂದ ಗೌರಿಬಿದನೂರಿನ ಸೀಮೆಯಿಂದ ಬೆಂಗಳೂರಿಗೆ ಐವತ್ತಕ್ಕೂ ಮಿಕ್ಕ ಮೈಲಿಗಳನ್ನು ಎರಡು ದಿನ ನಡೆದೇ ಬಂದರು. ಅದು ಆರೋಗ್ಯಕ್ಕಾಗಿ ಅಲ್ಲ, ಬಸ್ಸಿಗೆ ಕಾಸಿಲ್ಲದೆ. ನಾನು ನೌಕರಿಗೆ ಸೇರಿ ಮೊದಲ ಸ್ಕೂಟರು ತಂದ ದಿನ ನಮ್ಮ ತಾಯಿ ಅದಕ್ಕೆ ಕುಂಕುಮವಿಟ್ಟು ಆರತಿ ಎತ್ತಿದರು. ಮೊಣಕಾಲು ನೋವಿನ ತಾಯಿಯನ್ನು ಅದರ ಮೇಲೆ ಆಸ್ಪತ್ರೆಗೆ ಕರೆದೊಯ್ದವನು ನಾನು. ಮೋಟಾರನ್ನು ಹಳಿಯುವ ಬಾಯಿ ನನಗಿಲ್ಲ. ಒಬ್ಬೊಬ್ಬರಿಗೂ ಬಿಡುಗಡೆಯಾಗಿ ಬಂದದ್ದು ಎಲ್ಲರೂ ಕೂಡಿದಾಗ ಹೇಗೆ ಕಟ್ಟಾಯಿತು ಎಂಬುದೇ ನನ್ನ ಸೋಜಿಗ.

ಕುಳಿತು ದುಡಿಯುವ ಬಾಳಿಗೂ ಹೃದಯಕ್ಕೂ ಇರುವ ನಂಟು ತಿಳಿದ ಕತೆ ರಸವತ್ತಾಗಿದೆ. ಎರಡನೆಯ ಮಹಾಯುದ್ಧದ ತರುವಾಯ ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರಿಗೆ, ಹೃದಯಾಘಾತ ಈಚೆಗೆ ಏಕೆ ಹೆಚ್ಚುತ್ತಿದೆ ಎಂಬ ಪ್ರಶ್ನೆ ಹಿಡಿಯಿತು. ಅವರು ಪ್ರಯೋಗಶಾಲೆಗೆ ಹೋಗಲಿಲ್ಲ; ಅಲ್ಲಿನ ಎರಡು ಅಂತಸ್ತಿನ ಬಸ್ಸುಗಳನ್ನು ನೋಡಿದರು. ಒಂದೇ ಬಸ್ಸು, ಒಂದೇ ಬಗೆಯ ಮನೆತನದಿಂದ ಬಂದ ಇಬ್ಬರು ನೌಕರರು. ಡ್ರೈವರು ಪಾಳಿಯ ಬಹುಹೊತ್ತು ಕುಳಿತೇ ಇರುತ್ತಾನೆ. ಕಂಡಕ್ಟರು ಟಿಕೀಟು ಕೊಡುತ್ತ ದಿನಕ್ಕೆ ಐದುನೂರಕ್ಕೂ ಮಿಕ್ಕಿ ಮೆಟ್ಟಿಲು ಹತ್ತುತ್ತಾನೆ. ಸಾವಿರಾರು ಜನರ ಲೆಕ್ಕ ಹಾಕಿದಾಗ ಕಂಡಕ್ಟರರಲ್ಲಿ ಹೃದಯದ ಬೇನೆ ಕಡಿಮೆ, ಬಂದರೂ ಸಾವು ಕಡಿಮೆ ಎಂದು ಕಂಡಿತು. ಅಂಚೆಯ ಇಲಾಖೆಯಲ್ಲಿಯೂ ಹಾಗೆಯೇ: ನಡೆದು, ಸೈಕಲ್ ತುಳಿದು ಕಾಗದ ಹಂಚುವವರು ಮೇಜಿನ ಮುಂದೆ ಕೂತವರಿಗಿಂತ ವಾಸಿ. ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದದ್ದು ೧೯೫೩ರಲ್ಲಿ. ಮೂರು ವರ್ಷದ ಮೇಲೆ ಅವರು ಬಸ್ಸಿನವರ ಸಮವಸ್ತ್ರದ ಅಳತೆಗಳನ್ನೂ ತೆಗೆದು ನೋಡಿ, ಡ್ರೈವರುಗಳ ಷರಾಯಿಯ ಸೊಂಟ ಕಂಡಕ್ಟರರದಕ್ಕಿಂತ ದೊಡ್ಡದೆಂದು ತೋರಿಸಿದರು. ಮಾರಿಸ್ ೨೦೦೯ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತೊಂಬತ್ತು ವರ್ಷ.

ಈ ಸಂಶೋಧನೆಯ ತಿರುಳನ್ನು ನಾವು ಸಾಮಾನ್ಯವಾಗಿ ತಪ್ಪಾಗಿ ಓದುತ್ತೇವೆ. ‘ವ್ಯಾಯಾಮ ಮಾಡಿರಿ’ ಎಂಬ ಉಪದೇಶ ಅದರಲ್ಲಿ ಕಾಣುತ್ತದೆ. ಆದರೆ ಆ ಕಂಡಕ್ಟರು ವ್ಯಾಯಾಮ ಮಾಡಲಿಲ್ಲ, ಟಿಕೀಟು ಕೊಟ್ಟ. ಅವನನ್ನು ಕಾಪಾಡಿದ್ದು ಅವನ ಸಂಕಲ್ಪವಲ್ಲ, ಅವನ ಬಸ್ಸಿನ ಮೆಟ್ಟಿಲು. ನಮ್ಮ ತಂದೆಯವರನ್ನು ಕಾಪಾಡಿದ್ದು ಅವರ ನಿಯಮನಿಷ್ಠೆಯಲ್ಲ, ಬಸವನಗುಡಿಯಿಂದ ವಿಧಾನಸೌಧದವರೆಗಿನ ಬೀದಿ. ವಾರಕ್ಕೆ ನೂರೈವತ್ತು ನಿಮಿಷವಾದರೂ ಮೈ ಬಳಲಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊರು ಸರಿಯಾಗಿದ್ದರೆ ಅದು ಹಾಲು ತರುವುದರಲ್ಲಿ, ಬಸ್ಸಿನ ನಿಲ್ದಾಣಕ್ಕೆ ಹೋಗಿಬರುವುದರಲ್ಲಿ ತಾನಾಗಿ ಸಂದುಹೋಗುತ್ತದೆ. ಊರು ಕೆಟ್ಟರೆ ಅದೇ ಒಂದು ವ್ರತವಾಗುತ್ತದೆ. ವ್ರತ ಹಿಡಿಯುವವರು ನೂರಕ್ಕೆ ಎಷ್ಟು ಮಂದಿ?

ನಮ್ಮಲ್ಲಿ ಊರು ಕೆಟ್ಟದ್ದು ಒಂದೇ ದಿನದಲ್ಲಲ್ಲ. ವಾಹನ ಹೆಚ್ಚಿದಂತೆ ರಸ್ತೆಯನ್ನು ಅಗಲಿಸಿದೆವು. ಅಗಲಿಸಲು ಜಾಗ ಸಿಕ್ಕಿದ್ದು ಫುಟ್‌ಪಾತಿನಿಂದ ಮತ್ತು ಸಾಲುಮರದಿಂದ. ಅಗಲವಾದ ರಸ್ತೆಗೆ ಇನ್ನಷ್ಟು ವಾಹನ ಬಂತು. ವೇಗ ತಗ್ಗಬಾರದೆಂದು ದಾಟುವ ಜಾಗ ಕಡಿಮೆಯಾಯಿತು, ದಾಟಬೇಕಾದವರಿಗೆ ಮೇಲ್ಸೇತುವೆಯ ಮೆಟ್ಟಿಲು ಬಂತು. ಇಂದು ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿಗೂ ಮಿಕ್ಕಿವೆ. ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ೩೨ ಸಾವಿರಕ್ಕೂ ಹೆಚ್ಚು ಜನ ಬರಿಯ ಪಾದಚಾರಿಗಳು. ಪ್ಲೇಗು ಬಂದರೆ ಊರು ಬಿಟ್ಟು ಓಡಿದೆವು, ಊರನ್ನು ಹೊಸದಾಗಿ ಬರೆದೆವು. ಈ ಲೆಕ್ಕವನ್ನು ಮಾತ್ರ ಪತ್ರಿಕೆಯ ಒಳಪುಟದಲ್ಲಿ ಓದಿ ಮಡಿಸಿಡುತ್ತೇವೆ.

ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೆ ನನಗೆ ಜೊತೆಯಾಗುವ ನಿವೃತ್ತ ಎಂಜಿನಿಯರು ಒಬ್ಬರಿದ್ದಾರೆ. ಈ ಮಾತೆತ್ತಿದರೆ ಅವರಿಗೆ ನಗು. “ಏನ್ ಸ್ವಾಮಿ ನೀವು! ಕೋಟಿ ಗಾಡಿ ಇರೋ ಊರಲ್ಲಿ ಸೈಕಲ್ಲಿನ ಮಾತಾಡ್ತೀರಿ. ಅದೆಲ್ಲ ಹಾಲೆಂಡಿನೋರಿಗೆ ಸರಿ. ಅವರದು ಚಪ್ಪಟೆ ನೆಲ, ತಂಪು ಹವಾ, ತಾತ ಮುತ್ತಾತನ ಕಾಲದ ರೂಢಿ. ಕಾಲ ಹಿಂದಕ್ಕೆ ಹೋಗೋದುಂಟೆ?”

ಹಾಲೆಂಡಿನವರ ಚರಿತ್ರೆ ಅವರು ತಿಳಿದಂತಿಲ್ಲ. ಅಲ್ಲಿಯೂ ೧೯೫೦, ೧೯೬೦ರ ದಶಕಗಳಲ್ಲಿ ಕಾರು ಪ್ರವಾಹದಂತೆ ಬಂತು. ಸೈಕಲ್ಲು ಬಡವರ, ಹಿಂದಿನ ಕಾಲದ ವಸ್ತುವೆಂದು ಮೂಲೆಗೆ ಸೇರತೊಡಗಿತು. ರಸ್ತೆ ಅಗಲಿಸಲು ಹಳೆಯ ಬೀದಿಗಳನ್ನು ಕೆಡವಿದರು. ೧೯೭೧ರಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅವರಲ್ಲಿ ನಾನೂರಕ್ಕೂ ಮಿಕ್ಕವರು ಮಕ್ಕಳು. ಮಗಳನ್ನು ಹಾಗೆ ಕಳೆದುಕೊಂಡ ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತರು ಆ ಸಂಕಟದಿಂದ ಬರೆದ ಲೇಖನವೊಂದು ಜನರನ್ನು ಅಲುಗಾಡಿಸಿತು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲಿಯೇ ತಾಯಿತಂದೆಗಳ ಚಳುವಳಿ ಎದ್ದಿತು. ಅಷ್ಟರಲ್ಲಿ ೧೯೭೩ರ ಎಣ್ಣೆಯ ಅಭಾವ ಬಂದು, ಆ ನವೆಂಬರಿನಿಂದ ಕೆಲವು ಭಾನುವಾರಗಳಂದು ಕಾರುಗಳನ್ನೇ ನಿಷೇಧಿಸಿದರು. ಬರಿದಾದ ಹೆದ್ದಾರಿಯಲ್ಲಿ ಜನ ನಡೆದರು, ಸೈಕಲ್ ತುಳಿದರು. ಬೀದಿ ಹೀಗೂ ಇರಬಹುದೆಂದು ಕಣ್ಣಾರೆ ಕಂಡರು. ಆಮೇಲೆ ಒಂದೊಂದೇ ಬೀದಿಯಲ್ಲಿ ಸೈಕಲ್ಲಿಗೆ ಬೇರೆ ಹಾದಿ, ವಸತಿಯ ಬೀದಿಗಳಲ್ಲಿ ಕಾರಿನ ವೇಗಕ್ಕೆ ಕಡಿವಾಣ. ಇಂದು ನಾವು ಅವರ ಹುಟ್ಟುಗುಣವೆಂದು ತಿಳಿದಿರುವುದು ಅವರು ಹೋರಾಡಿ ಮರಳಿ ಪಡೆದದ್ದು. ನೆಲ ಚಪ್ಪಟೆಯಾಗಿದ್ದುದು ೧೯೭೧ರಲ್ಲಿಯೂ ಅಷ್ಟೆ. ಅದು ಆ ಮಕ್ಕಳನ್ನು ಉಳಿಸಲಿಲ್ಲ. ಇನ್ನು ಹವೆಯ ಮಾತಾದರೆ, ವರ್ಷದ ಬಹುಭಾಗ ಹಿತವಾಗಿರುವ ನಮ್ಮ ಬೆಂಗಳೂರಿನ ಮುಂದೆ ಅವರ ಗಾಳಿಮಳೆ ಏನು ಹೆಚ್ಚು?

ನಮ್ಮಲ್ಲಿಯೂ ಏನೂ ಆಗಿಲ್ಲವೆಂದರೆ ತಪ್ಪಾದೀತು. ರಸ್ತೆಯ ಜಾಗ ಹಂಚಬೇಕಾದದ್ದು ವಾಹನಗಳಿಗಲ್ಲ, ಜನರಿಗೆ ಎಂಬ ಮಾತು ೨೦೦೬ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿಯೇ ಬಂದಿದೆ. ೨೦೧೭ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ ನಾನೂರೈವತ್ತರಷ್ಟು ಸಾರ್ವಜನಿಕ ಸೈಕಲ್ಲುಗಳು ಬೀದಿಗಿಳಿದವು. ನಮ್ಮ ಹಳೆಯ ಬಾಡಿಗೆ ಸೈಕಲ್ಲಿನ ಅಂಗಡಿಗೆ ಹೊಸ ಅವತಾರ! ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ಕಲ್ಲು ಹಾಸಿ ೨೦೧೮ರಲ್ಲಿ ಹೊಸದಾಗಿ ತೆರೆದರು. ೨೦೨೦ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯ ದಿನಗಳಲ್ಲಿ ಅಲ್ಲಿಗೆ ವಾಹನಗಳನ್ನು ಬಿಡಲಿಲ್ಲ. ಅಂಥ ಒಂದು ಸಂಜೆ ನಾನೂ ಅಲ್ಲಿಗೆ ಹೋಗಿದ್ದೆ. ಬೀದಿಯ ನಟ್ಟನಡುವೆ ನಿಂತು ಮಾತಾಡುವ ಸುಖ ನನಗೆ ಎಷ್ಟೋ ವರ್ಷದ ಮೇಲೆ ದೊರೆಯಿತು. ೨೦೨೫ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡ್ಡಿಯಿಲ್ಲದ ಫುಟ್‌ಪಾತ್ ದೊರೆಯುವುದು ಸಂವಿಧಾನದ ೨೧ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಹೇಳಿತು. ನೀತಿ ಇದೆ, ತೀರ್ಪಿದೆ, ಮಾಡಿ ತೋರಿಸಿದ ಬೀದಿಯೂ ಇದೆ. ಇಲ್ಲದಿರುವುದು, ಪ್ಲೇಗಿನ ಕಾಲದ ನಮ್ಮ ಹಿರಿಯರಿಗಿದ್ದ ತುರ್ತು.

ಆ ತುರ್ತು ನಮಗೆ ಬಾರದಿರುವುದಕ್ಕೆ ಕಾರಣವೂ ಇದೆ. ಇಂದು ದಿನವೂ ನಡೆಯುವವರು ಯಾರು? ಬೆಳಗ್ಗೆ ಗುಂಪುಗುಂಪಾಗಿ ರಸ್ತೆಯ ಅಂಚಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಮನೆಗೆಲಸದವರು, ಸೈಕಲ್ಲಿನಲ್ಲಿ ಪೇಪರು ಹಂಚುವ ಹುಡುಗ, ಕ್ಯಾನಿನಲ್ಲಿ ಚಹಾ ಹೊತ್ತು ಮಾರುವವನು. ನಮ್ಮಂಥವರು ಅವರ ಸಾಲಿನಿಂದ ಎಂದೋ ಎದ್ದುಬಂದೆವು. ಬರುವಾಗ ಫುಟ್‌ಪಾತಿನ ಗೊಡವೆಯನ್ನೂ ಬಿಟ್ಟೆವು. ಈಗ ಎದೆ ಹಿಡಿದಮೇಲೆ ಅದನ್ನು ಹುಡುಕುತ್ತಿದ್ದೇವೆ. ನನ್ನ ಔಷಧಿಯ ಚೀಟಿಯಲ್ಲಿರುವುದೂ ಆ ಹೆಣ್ಣುಮಗಳಿಗೆ ಬೇಕಾಗಿರುವುದೂ ಒಂದೇ: ಆರಡಿ ಅಗಲದ, ಚಪ್ಪಡಿ ಮಗುಚದ, ಮರದ ನೆರಳಿರುವ ಒಂದು ದಾರಿ.

ಮೊಮ್ಮಗಳ ಶಾಲೆ ನಮ್ಮ ಮನೆಗೆ ಅರ್ಧ ಮೈಲಿ. ನಡುವೆ ಒಂದು ದೊಡ್ಡ ರಸ್ತೆ ಅಡ್ಡವಾದ್ದರಿಂದ ಅವಳು ವ್ಯಾನಿನಲ್ಲಿ ಹೋಗುತ್ತಾಳೆ. ಹುಟ್ಟಿದ ಹಬ್ಬಕ್ಕೆ ಕೊಡಿಸಿದ ಸೈಕಲ್ಲು ಬಾಲ್ಕನಿಯಲ್ಲಿ ನಿಂತಿದೆ; ಅದರ ಮೇಲೆ ಬಟ್ಟೆ ಒಣಗುತ್ತದೆ. ಅವಳು ತಾತನ ತಂದೆಯ ಬಿಲ್ಲೆಯನ್ನು ತನ್ನ ಸೈಕಲ್ಲಿಗೆ ದಾರದಿಂದ ಕಟ್ಟಿಕೊಂಡಿದ್ದಾಳೆ. ಮೊನ್ನೆ ಅದನ್ನು ನೋಡುತ್ತ ನಿಂತಾಗ ನನಗೆ ಅನ್ನಿಸಿತು: ಆ ಕಾಲದ ಪುರಸಭೆ ಸೈಕಲ್ಲಿನವನಿಂದ ತೆರಿಗೆ ವಸೂಲು ಮಾಡುತ್ತಿತ್ತು, ದೀಪವಿಲ್ಲದಿದ್ದರೆ ದಂಡ ಹಾಕುತ್ತಿತ್ತು, ನಿಜ. ಆದರೆ ಅವನಿಗೊಂದು ನಂಬರು ಕೊಟ್ಟಿತ್ತು. ಅವನು ಬೀದಿಯ ಲೆಕ್ಕದಲ್ಲಿದ್ದ. ಈಗ ಬಿಲ್ಲೆಯೂ ಇಲ್ಲ, ದಂಡವೂ ಇಲ್ಲ.

“ತಾತ, ಇದನ್ನ ರಸ್ತೆಯಲ್ಲಿ ಯಾವಾಗ ಓಡಿಸೋದು?” ಎಂದು ಅವಳು ಕೇಳುತ್ತಾಳೆ. ದೊಡ್ಡವಳಾದ ಮೇಲೆ ಎಂದು ಸದ್ಯಕ್ಕೆ ಹೇಳಿದ್ದೇನೆ. ದೊಡ್ಡವರಾಗಬೇಕಾದವರು ಅವಳಲ್ಲ, ನಾವು ಎಂಬುದನ್ನು ಆ ಮಗುವಿಗೆ ಇನ್ನೂ ಹೇಳಿಲ್ಲ.